ಗಣಕಜಾಲದ ದಟ್ಟಣೆಯೂ ಸೇವಾಕ್ರಮವೂ

ಗಣಕಜಾಲದಲ್ಲಿ ಪತ್ರವಾಗಲಿ, ಧ್ವನಿಯಾಗಲಿ, ಚಿತ್ರವಾಗಲಿ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಸಾಗುತ್ತದೆ. ಅವುಗಳಿಗೆ ದಾರಿ ತೋರುವ ಯಂತ್ರವೇ ರೌಟರ್. ಹೊರದಾರಿಯ ಶಕ್ತಿಯನ್ನು ಮೀರಿ ಪೊಟ್ಟಣಗಳು ಬಂದಾಗ ಅವು ರೌಟರಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಸಾಲು ತುಂಬಿದ ಬಳಿಕ ಬಂದವು ನಷ್ಟವಾಗುತ್ತವೆ.

1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಸುಮಾರು 400 ಗಜಗಳ ಅಂತರದ ಎರಡು ಸಂಸ್ಥೆಗಳ ನಡುವಣ ಸಂಪರ್ಕವು ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ನಷ್ಟವಾದುದನ್ನು ಯಂತ್ರಗಳು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನೇ ಬೆಳೆಸಿದವು. ಕಳುಹಿಸುವ ಯಂತ್ರವೇ ವೇಗವನ್ನು ತಗ್ಗಿಸಿಕೊಳ್ಳುವ ಕ್ರಮವನ್ನು ವ್ಯಾನ್ ಜೇಕಬ್‌ಸನ್ 1988ರಲ್ಲಿ ವಿವರಿಸಿದರು. 1993ರಲ್ಲಿ ಅವರೂ ಸ್ಯಾಲಿ ಫ್ಲಾಯ್ಡ್ ಅವರೂ ರೌಟರಿಗೊಂದು ವಿವೇಕವನ್ನು ಕಲಿಸಿದರು. ಸಾಲಿನ ಸರಾಸರಿ ಉದ್ದವು ಕೆಳಮಿತಿಯನ್ನು ದಾಟಿದೊಡನೆ ಅಲ್ಲೊಂದು ಇಲ್ಲೊಂದು ಪೊಟ್ಟಣವನ್ನು ಕೈಬಿಡುವುದು. ಸಾಲು ಬೆಳೆದಂತೆ ಕೈಬಿಡುವ ಪ್ರಮಾಣವನ್ನು ಏರಿಸುವುದು. ಮೇಲ್ಮಿತಿ ಮೀರಿದರೆ ಬಂದುದೆಲ್ಲವನ್ನೂ ತಡೆಯುವುದು. ಇದು ದಂಡನೆಯಲ್ಲ, ಮುನ್ನೆಚ್ಚರಿಕೆ.

ಆದರೆ ಎಲ್ಲ ಪೊಟ್ಟಣಗಳ ಅಗತ್ಯವೂ ಒಂದೇ ಅಲ್ಲ. ಕಡತವೊಂದು ತುಸು ತಡವಾದರೆ ಹಾನಿಯಿಲ್ಲ. ಮಳೆಯ ರಜೆಯಲ್ಲಿ ಮನೆಯಿಂದಲೇ ಪಾಠ ಕೇಳುವ ಮಗುವಿಗೆ ಅಧ್ಯಾಪಕರ ಧ್ವನಿ ತುಂಡುತುಂಡಾಗಿ ತಲುಪಿದರೆ ಪಾಠವೇ ನಷ್ಟ. ಧ್ವನಿಯ ವಿಳಂಬ 150 ಮಿಲಿಸೆಕೆಂಡನ್ನು ಮೀರದಿರುವುದು ಲೇಸು.

ನಮ್ಮ ಸೀಮೆಯ ದೃಷ್ಟಾಂತವೊಂದನ್ನು ಕೊಡಬಹುದು. ಬ್ರಹ್ಮಾವರ ತಾಲೂಕಿನ ಬಾರ್ಕೂರು, ಕುಂದಾಪುರ, ಬೈಂದೂರುಗಳನ್ನು ಹಾದುಹೋಗುವ ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆಯಿತು. ಅದರ ಬಹುಭಾಗ ಒಂಟಿಹಳಿ. ವೇಗದ ಗಾಡಿಗೆ ದಾರಿಬಿಟ್ಟು ಸರಕಿನ ಗಾಡಿ ನಿಲ್ದಾಣದಲ್ಲಿ ಕಾಯುತ್ತದೆ. ಹಳಿ ಒಂದೇ ಆದರೂ ಕ್ರಮವಿರುವುದರಿಂದ ಎರಡೂ ಊರು ಸೇರುತ್ತವೆ.

ರೌಟರಿನಲ್ಲಿಯೂ ಮೂರು ಕಾರ್ಯಗಳುಂಟು. ಮೊದಲನೆಯದು ವಿಂಗಡಣೆ: ಧ್ವನಿ ಯಾವುದು, ಕಡತ ಯಾವುದು ಎಂಬ ನಿರ್ಣಯ. ಎರಡನೆಯದು ಗುರುತು: ಪೊಟ್ಟಣದ ಶಿರೋಭಾಗದಲ್ಲಿ 0ರಿಂದ 63ರವರೆಗಿನ ಅಂಕಿಯೊಂದನ್ನು ಬರೆಯಬಹುದು, ಧ್ವನಿಗೆ ರೂಢಿಯ ಅಂಕಿ 46. ಮೂರನೆಯದು ಸಾಲುಗಳ ನಿಯೋಜನೆ: ಧ್ವನಿಗೆ ಅಗ್ರಸಾಲು, ಕಡತಗಳಿಗೆ ಮುನ್ನೆಚ್ಚರಿಕೆಯುಳ್ಳ ಸಾಲು. ಪೊಟ್ಟಣ ನಷ್ಟವಾದರೂ ಧ್ವನಿಯು ಸಾಮಾನ್ಯವಾಗಿ ವೇಗ ತಗ್ಗಿಸದಾದ್ದರಿಂದ ಮುನ್ನೆಚ್ಚರಿಕೆಯ ಕ್ರಮ ಅದಕ್ಕೆ ಸಲ್ಲದು. ಅಗ್ರಸಾಲಿಗೂ ಮಿತಿಯನ್ನು ವಿಧಿಸಲೇಬೇಕು. ಇಲ್ಲವಾದರೆ ಉಳಿದವು ಉಪವಾಸ ಬೀಳುತ್ತವೆ. ಹೊರಗಿನ ಸಾರ್ವಜನಿಕ ಜಾಲವು ನಮ್ಮ ಗುರುತನ್ನು ಮನ್ನಿಸಲೇಬೇಕೆಂದಿಲ್ಲ. ನಮ್ಮ ಅಧೀನದಲ್ಲಿರುವುದು ನಮ್ಮ ಹೊರಬಾಗಿಲು ಮಾತ್ರ.

ಎಲ್ಲದಕ್ಕೂ 46 ಎಂದು ಬರೆದರೆ ಯಾವುದಕ್ಕೂ ಅಗ್ರಸ್ಥಾನವಿಲ್ಲ. ಕ್ಷೇಮೇಂದ್ರನು ಕಾವ್ಯಕ್ಕೆ ಪ್ರಾಣವೆಂದು ಎಣಿಸಿದ ಔಚಿತ್ಯವು ಇಲ್ಲಿಯೂ ಪ್ರಾಣವೇ ಸರಿ. ಶಾಲೆಗೆ ವೇಗದ ಸಂಪರ್ಕವನ್ನು ಒದಗಿಸುವ ದಾನಿಗಳ ಔದಾರ್ಯ ಸ್ತುತ್ಯವಾದುದು. ಆ ದಾನ ಸಾರ್ಥಕವಾಗಬೇಕಾದರೆ ಪಾಠದ ಹೊತ್ತಿನಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಅಧ್ಯಾಪಕರು ಮೊದಲೇ ನಿರ್ಣಯಿಸಿರಬೇಕು. ರೌಟರು ಆ ನಿರ್ಣಯವನ್ನು ಪಾಲಿಸಬಲ್ಲುದು, ತಾನೇ ಮಾಡಲಾರದು.