ಕಡಲಿನ ನೀಲಿ ಯಾರದು?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರಿಗೆ ಕಡಲು ದೂರದ್ದಲ್ಲ, ಘಟ್ಟವಿಳಿದರೆ ಕಡಲೇ. ನಮ್ಮ ಹೊಳೆಗಳೂ ಅತ್ತಲೇ ಹರಿಯುತ್ತವೆ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿಯು ಕುಮಟೆಯ ತದಡಿಯ ಬಳಿಯಲ್ಲಿಯೂ, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯು ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ತೀರದಲ್ಲಿಯೂ ಸಮುದ್ರವನ್ನು ಸೇರುತ್ತವೆ. ಮಳೆಗಾಲದಲ್ಲಿ ಈ ಅಳಿವೆಗಳ ನೀರು ಕೆಂಬಣ್ಣದ್ದು. ತೀರವನ್ನು ಬಿಟ್ಟು ಆಳವಾದ ಕಡಲಿಗೆ ಹೋದವರ ಕಣ್ಣಿಗೆ ಬೀಳುವುದಾದರೋ ಗಾಢವಾದ ನೀಲಿ. ಅದೇ ನೀರನ್ನು ತಂಬಿಗೆಯಲ್ಲಿ ಮೊಗೆದು ನೋಡಿದರೆ ಬಣ್ಣವೇ ಇಲ್ಲ! ಹಾಗಾದರೆ ಆ ನೀಲಿ ಯಾರದು? ನೀರಿನದೋ, ಆಕಾಶದ್ದೋ?

ಆಕಾಶದ್ದೆಂದೇ ಬಹುಕಾಲ ತಿಳಿಯಲಾಗಿತ್ತು. ಆಕಾಶದ ನೀಲಿಗೆ ಕಾರಣವನ್ನು ತೋರಿಸಿಕೊಟ್ಟ ಇಂಗ್ಲೆಂಡಿನ ಲಾರ್ಡ್ ರೇಲಿಯವರು, ಕಡಲಿನ ನೀಲಿ ಆ ಆಕಾಶದ ಪ್ರತಿಬಿಂಬವೇ ಎಂದು ಅಭಿಪ್ರಾಯಪಟ್ಟಿದ್ದರು. ಅಂಥ ಹಿರಿಯರ ಮಾತನ್ನು ಪರೀಕ್ಷಿಸುವ ಕೆಲಸ ನಡೆದದ್ದು ಪ್ರಯೋಗಶಾಲೆಯಲ್ಲಲ್ಲ, ಹಡಗಿನ ಮೇಲಟ್ಟದಲ್ಲಿ.

1921ರಲ್ಲಿ ಕಲ್ಕತ್ತೆಯಲ್ಲಿ ಪ್ರಾಧ್ಯಾಪಕರಾಗಿದ್ದ ಚಂದ್ರಶೇಖರ ವೆಂಕಟ ರಾಮನ್ ಅವರು ಇಂಗ್ಲೆಂಡಿಗೆ ಹೋಗಿ, ‘ನಾರ್ಕುಂಡಾ’ ಎಂಬ ಹಡಗಿನಲ್ಲಿ ಹಿಂದಿರುಗಿದರು. ವಾರಗಟ್ಟಲೆಯ ಆ ಪ್ರಯಾಣದಲ್ಲಿ ಯಾತ್ರಿಕರಿಗೆ ಒರಗುಕುರ್ಚಿಯಲ್ಲಿ ಕುಳಿತು ಕಡಲನ್ನು ನೋಡುವುದೇ ಮುಖ್ಯ ಕೆಲಸ. ರಾಮನ್ನರೂ ಮೆಡಿಟರೇನಿಯನ್ ಕಡಲಿನ ನೀಲಿಯನ್ನು ನೋಡಿದರು. ಆದರೆ ನಿಕಾಲ್ ಪಟ್ಟಕವೆಂಬ ಪುಟ್ಟ ಉಪಕರಣದ ಮೂಲಕ ನೋಡಿದರು.

ಈ ಪಟ್ಟಕದ ಕೆಲಸವೇನು? ಸಾಧಾರಣ ಬೆಳಕಿನ ಕಂಪನಗಳು ಅದು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕುಗಳಲ್ಲಿಯೂ ಇರುತ್ತವೆ. ಅದು ಲಂಬರೇಖೆಯಿಂದ ಸುಮಾರು 53 ಡಿಗ್ರಿ ಓರೆಯಾಗಿ ನೀರಿನ ಮೇಲೆ ಬಿದ್ದು ಪ್ರತಿಫಲಿಸಿದರೆ, ನೀರಿನ ಮೈಗೆ ಸಮಾನಾಂತರವಾದ ಕಂಪನಗಳು ಮಾತ್ರ ಉಳಿಯುತ್ತವೆ. ಅಡಿಕೆ ದಬ್ಬೆಯ ಬೇಲಿಯ ಸಂದಿನಲ್ಲಿ ಹಲಗೆಯನ್ನು ನೆಟ್ಟಗೆ ಹಿಡಿದರೆ ತೂರುತ್ತದೆ, ಅಡ್ಡಲಾಗಿ ಹಿಡಿದರೆ ತಡೆಯುತ್ತದೆ. ಹಾಗೆಯೇ ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಪ್ರತಿಫಲಿಸಿದ ಬೆಳಕು ನಿಂತುಹೋಗುತ್ತದೆ. ನೀಲಿ ಆಕಾಶದ್ದೇ ಆಗಿದ್ದರೆ ಆಗ ಕಡಲು ಕಪ್ಪಾಗಿ ಕಾಣಬೇಕಷ್ಟೆ. ಆದದ್ದು ಬೇರೆ: ಮೇಲಿನ ಹೊಳಪು ಅಡಗಿ, ಒಳಗಿನ ನೀಲಿ ಮತ್ತಷ್ಟು ಉಜ್ಜ್ವಲವಾಯಿತು! ನೀಲಿ ನೀರಿನೊಳಗಿನಿಂದಲೇ ಬರುತ್ತಿತ್ತು. ಮುಂಬಯಿ ಬಂದರಿನಿಂದ ಸೆಪ್ಟೆಂಬರ್ 26ರ ತಾರೀಖು ಹಾಕಿ ರಾಮನ್ನರು ‘ನೇಚರ್’ ಪತ್ರಿಕೆಗೆ ಈ ವಿಷಯವನ್ನು ಬರೆದರು.

ನೀರಿಗೆ ಈ ಬಣ್ಣ ಎಲ್ಲಿಂದ ಬಂತು? ಎರಡು ಕಾರಣಗಳುಂಟು. ಒಂದು, ನೀರಿನ ಅಣುಗಳು ಬೆಳಕನ್ನು ಚೆದರಿಸುತ್ತವೆ. ಕಿರಿಯ ಅಲೆಗಳ ನೀಲಿಯು ಹಿರಿಯ ಅಲೆಗಳ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ ಚೆದರುತ್ತದೆ. ರಾಮನ್ನರು ಒತ್ತಿ ಹೇಳಿದ್ದು ಇದನ್ನು. ಇನ್ನೊಂದು, ನೀರು ಕೆಂಪನ್ನು ಹೀರುತ್ತದೆ. ಶುದ್ಧವಾದ ನೀರಿನಲ್ಲಿ 10 ಮೀಟರ್ ಸಾಗುವಷ್ಟರಲ್ಲಿ ಕೆಂಪು ಬೆಳಕು ನೂರಕ್ಕೆ ಮೂರು ಪಾಲಿನಷ್ಟು ಉಳಿದರೆ, ನೀಲಿ ತೊಂಬತ್ತು ಪಾಲಿನಷ್ಟು ಉಳಿಯುತ್ತದೆ. ಈ ಹೀರಿಕೆಯೇ ಹೆಚ್ಚು ಮುಖ್ಯವಾದುದೆಂದು ಈಗ ತಿಳಿದಿದೆ. ಉಳಿದ ನೀಲಿಯನ್ನು ಚೆದರಿಕೆಯು ನಮ್ಮ ಕಣ್ಣಿನತ್ತ ಹಿಂದಿರುಗಿಸುತ್ತದೆ. ತಂಬಿಗೆಯ ನೀರಿನಲ್ಲಿ ಬೆಳಕು ಸಾಗುವ ದಾರಿ ಗೇಣುದ್ದ. ಆದುದರಿಂದ ಅಲ್ಲಿ ಬಣ್ಣ ಕಾಣದು. ಅಳಿವೆಯಲ್ಲಿ ಹೊಳೆ ತಂದ ಮಣ್ಣು ಈ ನೀಲಿಯನ್ನು ಮರೆಮಾಡುತ್ತದೆ.

ಆ ಪ್ರಯಾಣದ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ದ್ರವಗಳಲ್ಲಿ ಬೆಳಕು ಚೆದರುವ ಬಗೆಯನ್ನು ರಾಮನ್ನರೂ ಅವರ ಶಿಷ್ಯರೂ ವರ್ಷಗಳ ಕಾಲ ಅಭ್ಯಸಿಸಿದರು. 1928ರ ಫೆಬ್ರವರಿ 28ರಂದು, ಚೆದರಿದ ಬೆಳಕಿನಲ್ಲಿ ಕೊಂಚ ಪಾಲು ಬಣ್ಣವನ್ನೇ ಬದಲಿಸಿಕೊಂಡಿರುವುದು ಸ್ಪಷ್ಟವಾಯಿತು. ಇದೇ ರಾಮನ್ ಪರಿಣಾಮ. 1930ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು ಕೊನೆಯವರೆಗೂ ಅಲ್ಲಿಯೇ ನೆಲೆಸಿದರು.

ವಾಚಕರು ಈ ಪರೀಕ್ಷೆಯ ಅರ್ಧವನ್ನು ತಾವೇ ಮಾಡಬಹುದು. ಪೋಲರಾಯ್ಡ್ ಗಾಜಿನ ತಂಪುಕನ್ನಡಕವನ್ನು ಹಾಕಿಕೊಂಡು, ಶಿರಸಿಯ ಕೋಟೆಕೆರೆಯನ್ನಾಗಲಿ ತೋಟದ ಕೆರೆಯನ್ನಾಗಲಿ ದಡದಿಂದ ಓರೆಯಾಗಿ ನೋಡಿರಿ. ಮೇಲಿನ ಹೊಳಪು ಅಡಗುವುದು. ಕನ್ನಡಕವನ್ನು ತೆಗೆದು ಕಣ್ಣಿನ ಮುಂದೆ ಅಡ್ಡ ತಿರುಗಿಸಿದರೆ ಮರಳಿ ಬರುವುದು. ಕೆರೆಯ ಒಳಗಿಂದ ನೀಲಿಯ ಬದಲು ಪಾಚಿಯ ಹಸುರು ಕಂಡೀತು. ಅದೂ ನೀರಿನೊಳಗಿನ ಸುದ್ದಿಯೇ. ಮುಂದೆ ಹಡಗಿನಲ್ಲಿ ದೂರ ಹೋಗುವ ಅವಕಾಶ ಬಂದರೆ, ಆ ಕನ್ನಡಕವನ್ನು ಜೊತೆಗೆ ಒಯ್ಯಲು ಮರೆಯಬಾರದು.