ಮಕ್ಕಳಿಗೆ ತಕ್ಕ ಗಾಲಿಹಲಗೆ

ಲಾರಿಗಳಿಂದ ಬಿಚ್ಚಿ ಎಸೆದ ಮೂರು ಹಳೆಯ ಬೇರಿಂಗುಗಳು, ಒಂದು ಹಲಗೆ, ಅಡ್ಡಕ್ಕೆ ಎರಡು ಕಟ್ಟಿಗೆಯ ತುಂಡು, ನಾಲ್ಕಾರು ಮೊಳೆ: ಇಷ್ಟು ಕೈಗೆ ಸಿಕ್ಕರೆ ನಮ್ಮ ಕಡೆಯ ಹುಡುಗರು ಒಂದು ಮಧ್ಯಾಹ್ನದಲ್ಲಿ ಗಾಡಿಯೊಂದನ್ನು ಸಿದ್ಧಪಡಿಸಬಲ್ಲರು. ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಹುಮನಾಬಾದನ್ನು ಹಾದುಹೋಗುತ್ತದೆ. ಬಸವಕಲ್ಯಾಣವು ಅದೇ ಹೆದ್ದಾರಿಯಿಂದ ತುಸು ಒಳಕ್ಕಿದೆ. ಆದಕಾರಣ ಈ ಎರಡು ಊರುಗಳಲ್ಲಿ ಗ್ಯಾರೇಜುಗಳಿಗೂ ಕೊರತೆಯಿಲ್ಲ, ಸವೆದ ಬೇರಿಂಗುಗಳಿಗೂ ಕೊರತೆಯಿಲ್ಲ. ಇಳಿಜಾರಿನ ಓಣಿಯಲ್ಲಿ ಬೇರಿಂಗ್ ಗಾಡಿಯು ಕರಕರನೆ ಸದ್ದು ಮಾಡುತ್ತ ಬರುವುದನ್ನು ವಾಚಕರಲ್ಲಿ ಬಹುಮಂದಿ ಕೇಳಿಯೇ ಇರುವರು. ಕೆಲವರು ಅದರ ಮೇಲೆ ಕುಳಿತೂ ಇರಬಹುದು.

ಈ ಗಾಡಿಯ ಸಿರಿವಂತ ದಾಯಾದಿಯೇ ಸ್ಕೇಟ್‌ಬೋರ್ಡು. ಈ ಲೇಖನದ ಮಟ್ಟಿಗೆ ನಾವು ಅದನ್ನು ಗಾಲಿಹಲಗೆ ಎಂದು ಕರೆಯೋಣ. 2021ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಇದು ಮೊದಲ ಸಲ ಸ್ಪರ್ಧೆಯಾಗಿ ಸೇರಿತು. ಜಪಾನಿನ ಮೊಮಿಜಿ ನಿಶಿಯಾ ಎಂಬ ಹದಿಮೂರು ವರ್ಷದ ಬಾಲಿಕೆ ಅಲ್ಲಿ ಚಿನ್ನದ ಪದಕವನ್ನು ಗೆದ್ದಳು. ನಮ್ಮ ರಾಜ್ಯದಲ್ಲಿ ಅದಕ್ಕಿಂತ ಮುಂಚೆಯೇ, 2013ರಲ್ಲಿ, ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ತರುಣರ ಕೂಟವು ಹೊರದೇಶದ ಆಟಗಾರರ ನೆರವಿನಿಂದ ಕಾಂಕ್ರೀಟಿನ ಅಂಕಣವೊಂದನ್ನು ಕಟ್ಟಿತ್ತು. ಈಗ ಚಿಕ್ಕ ಊರಿನ ಮಕ್ಕಳೂ ಗಾಲಿಹಲಗೆ ಬೇಕೆಂದು ಹಟ ಹಿಡಿಯುತ್ತಾರೆ. ತಮ್ಮನಿಗೋ ತಂಗಿಗೋ ಅದನ್ನು ಆರಿಸಿ ತರುವ ಹೊಣೆ ಅನೇಕ ವೇಳೆ ಮನೆಯಲ್ಲಿ ಕಾಲೇಜಿಗೆ ಹೋಗುವವರ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಲಗೆಯ ಅಡಿಯ ಬಣ್ಣದ ಚಿತ್ರ. ಆದರೆ ಆರಿಸಬೇಕಾದದ್ದು ಎರಡು ಸಂಗತಿಗಳನ್ನು ನೋಡಿ: ಹಲಗೆಯ ಕೆಳಗೆ ಇರುವ ನೆಲ ಎಂಥದು, ಹಲಗೆಯ ಮೇಲಿನ ಮಗು ಬಿದ್ದಾಗ ಏನಾಗುತ್ತದೆ.

ಮೊದಲು ನೆಲವನ್ನು ತೆಗೆದುಕೊಳ್ಳೋಣ. ಕ್ಯಾಲಿಫೋರ್ನಿಯದಲ್ಲಿ 1950ರ ದಶಕದಲ್ಲಿ ಈ ಆಟ ಹುಟ್ಟಿದಾಗ ಅಲ್ಲಿಯ ಹುಡುಗರು ಮಾಡಿದ್ದು ನಮ್ಮ ಹುಡುಗರು ಮಾಡುವುದನ್ನೇ. ಹಳೆಯ ಸ್ಕೇಟುಗಳ ಉಕ್ಕಿನ ಗಾಲಿಗಳನ್ನು ಬಿಚ್ಚಿ ಹಲಗೆಗೆ ಜಡಿದರು. ಅನಂತರ ಜೇಡಿ ಬೆರೆಸಿ ತಯಾರಿಸಿದ ಗಾಲಿಗಳು ಬಂದವು. ಎರಡೂ ಗಟ್ಟಿ, ಎರಡೂ ಸಣ್ಣ ಕಲ್ಲು ಅಡ್ಡ ಬಂದರೆ ಥಟ್ಟನೆ ನಿಲ್ಲುವಂಥವು. ಗಾಲಿ ನಿಂತರೂ ಜಡತ್ವದಿಂದಾಗಿ ಸವಾರನು ನಿಲ್ಲುವುದಿಲ್ಲ. 1970ರ ದಶಕದ ಆದಿಯಲ್ಲಿ ಫ್ರಾಂಕ್ ನ್ಯಾಸ್ವರ್ದಿ ಎಂಬ ಅಮೆರಿಕದ ತರುಣನು ವರ್ಜೀನಿಯಾದ ಕಾರ್ಖಾನೆಯೊಂದರಲ್ಲಿ ಸ್ಕೇಟುಗಳಿಗಾಗಿ ತಯಾರಾಗುತ್ತಿದ್ದ ಪಾಲಿಯುರಿಥೇನ್ ಗಾಲಿಗಳನ್ನು ಕಂಡು, ಅವನ್ನು ತನ್ನ ಹಲಗೆಗೆ ಜೋಡಿಸಿ ನೋಡಿದನು. ಗಾಲಿ ನೆಲವನ್ನು ಹಿಡಿಯಿತು, ಹರಳುಗಳ ಮೇಲೆ ಹತ್ತಿ ಹೋಯಿತು. ಮಡಿಯಲಿದ್ದ ಆಟಕ್ಕೆ ಮರುಹುಟ್ಟು ಬಂದದ್ದು ಹೀಗೆ.

ಇದರ ಮರ್ಮವನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ಗಾಲಿಯ ತ್ರಿಜ್ಯವು ‘ತ್ರಿ’, ಅಡ್ಡ ಬಂದ ಕಲ್ಲಿನ ಎತ್ತರವು ‘ಕ’ ಎಂದಿರಲಿ. ಗಾಲಿಯು ಕಲ್ಲಿನ ತುದಿಯನ್ನು ಆಧಾರವಾಗಿಟ್ಟುಕೊಂಡು ಮೇಲಕ್ಕೆ ಹೊರಳಬೇಕು. ಮುಂದಕ್ಕೆ ತಳ್ಳುವ ಬಲವು ಅಚ್ಚಿನ ಎತ್ತರದಲ್ಲಿ, ಎಂದರೆ ಆ ತುದಿಗಿಂತ (ತ್ರಿ − ಕ) ಮೇಲೆ ವರ್ತಿಸುತ್ತದೆ. ಗಾಲಿಯ ಮೇಲಿನ ಭಾರವು ಅದನ್ನು ಹಿಂದಕ್ಕೆ ಹೊರಳಿಸಲು ಯತ್ನಿಸುತ್ತದೆ. ತುದಿಯಿಂದ ಅದರ ಅಡ್ಡದೂರ √(2 × ತ್ರಿ × ಕ − ಕ²). ಆದ್ದರಿಂದ ಕಲ್ಲನ್ನು ಹತ್ತಲು ಬೇಕಾದ ಬಲವನ್ನು ಪಡೆಯಲು ಗಾಲಿಯ ಮೇಲಿನ ಭಾರವನ್ನು √(2 × ತ್ರಿ × ಕ − ಕ²) ÷ (ತ್ರಿ − ಕ) ಎಂಬ ಸಂಖ್ಯೆಯಿಂದ ಗುಣಿಸಬೇಕು.

ಐದು ಮಿಲಿಮೀಟರ್ ಎತ್ತರದ ಹರಳೊಂದನ್ನು ತೆಗೆದುಕೊಳ್ಳಿ. 33 ಸೆಂಟಿಮೀಟರ್ ತ್ರಿಜ್ಯದ ಸೈಕಲ್ ಚಕ್ರಕ್ಕೆ ಈ ಸಂಖ್ಯೆ ಸುಮಾರು 0.18. ಸೈಕಲ್ ಸವಾರನಿಗೆ ಹರಳಿನ ಸುಳಿವೇ ಹತ್ತುವುದಿಲ್ಲ. 52 ಮಿಲಿಮೀಟರ್ ವ್ಯಾಸದ ಗಟ್ಟಿ ಗಾಲಿಗೆ ಅದು 0.73. ವ್ಯಾಸವನ್ನು 60 ಮಿಲಿಮೀಟರಿಗೆ ಏರಿಸಿದರೂ 0.66ಕ್ಕಿಂತ ಕೆಳಕ್ಕೆ ಇಳಿಯದು. ದೊಡ್ಡ ಗಾಲಿಯಿಂದ ಲಾಭವುಂಟು, ಆದರೆ ಅಷ್ಟಿಷ್ಟೇ. ಈಗ ಅದೇ 60 ಮಿಲಿಮೀಟರ್ ಗಾಲಿ ಮೆತ್ತಗಿದ್ದು, ಹರಳು ಅದರೊಳಕ್ಕೆ ಎರಡು ಮಿಲಿಮೀಟರ್ ಒತ್ತಿಕೊಂಡಿತೆಂದು ಭಾವಿಸೋಣ. ಹತ್ತಬೇಕಾದ ಎತ್ತರ ಮೂರು ಮಿಲಿಮೀಟರ್ ಮಾತ್ರವಾಯಿತು, ಸಂಖ್ಯೆ 0.48ಕ್ಕೆ ಇಳಿಯಿತು. ಲೆಕ್ಕ ಸ್ಥೂಲವಾದದ್ದು, ಆದರೆ ಗಾತ್ರಕ್ಕಿಂತ ಮೃದುತ್ವವೇ ಹೆಚ್ಚಿನ ಕೆಲಸ ಮಾಡುತ್ತದೆಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಬೇರಿಂಗ್ ಗಾಡಿಯ ಉಕ್ಕಿನ ಗಾಲಿಗಳು ಗಾತ್ರದಲ್ಲಿ ಕಡಿಮೆಯೇನಲ್ಲ. ಅವುಗಳಿಗೆ ಇಲ್ಲದಿರುವುದು ಈ ಗುಣ.

ಗಾಲಿಯ ಗಡಸುತನವನ್ನು ಶೋರ್ ಎಂಬ ಮಾಪಕದಿಂದ ಅಳೆಯುತ್ತಾರೆ. ಮೊಂಡು ಸೂಜಿಯೊಂದನ್ನು ನಿಗದಿಯಾದ ಬಲದಿಂದ ವಸ್ತುವಿಗೆ ಒತ್ತಿ, ಎಷ್ಟು ಆಳಕ್ಕೆ ಇಳಿಯಿತೆಂದು ನೋಡುವುದೇ ಕ್ರಮ. ಸೂಜಿ ಕಿಂಚಿತ್ತೂ ಇಳಿಯದಿದ್ದರೆ 100. ಗಾಲಿಯ ಮೇಲೆ 78ಎ, 85ಎ, 99ಎ ಎಂದು ಅಚ್ಚಾಗಿರುವುದು ಈ ಅಂಕಿ. ಕೆಲವು ತಯಾರಕರು 101ಎ ಎಂದೂ ಅಚ್ಚು ಹಾಕುವುದುಂಟು. ನೂರಕ್ಕೆ ಮುಗಿಯುವ ಮಾಪಕದಲ್ಲಿ ನೂರೊಂದನ್ನು ಓದಿದ ಅವರ ಕಣ್ಣಿಗೆ ನಾವು ಮೆಚ್ಚಬೇಕು. ನುಣುಪಾದ ಅಂಕಣದಲ್ಲಿ ಜಿಗಿತಗಳನ್ನು ಅಭ್ಯಸಿಸುವವರು 95ಕ್ಕಿಂತ ಗಡುಸಾದ, 50ರಿಂದ 54 ಮಿಲಿಮೀಟರಿನ ಗಾಲಿಗಳನ್ನು ಬಯಸುತ್ತಾರೆ. ಅಂತರಜಾಲದಲ್ಲಿ ಹೊಗಳಿಸಿಕೊಳ್ಳುವುದು ಹೆಚ್ಚಾಗಿ ಅವೇ. ಹುಮನಾಬಾದಿನ ಅಥವಾ ಬಸವಕಲ್ಯಾಣದ ಮಗುವಿಗೆ ಅವು ಸಲ್ಲವು. ನಮ್ಮ ರಸ್ತೆಗಳ ಡಾಂಬರು ಒರಟು. ಬದಿಯ ಮುರುಂ ಮಳೆಯಲ್ಲಿ ಹರಿದು ಬಂದು ರಸ್ತೆಯ ಮೇಲೆ ಹರಳಾಗಿ ಕೂರುತ್ತದೆ. ಅಂಗಳಕ್ಕೆ ಹಾಸಿದ ಶಹಾಬಾದಿನ ಫರ್ಸಿ ನುಣುಪಾದರೂ ಕಲ್ಲು ಕಲ್ಲಿನ ನಡುವೆ ಸಂದುಂಟು. 78ರಿಂದ 85ರವರೆಗಿನ ಮೃದುತ್ವ, 56ರಿಂದ 60 ಮಿಲಿಮೀಟರ್ ವ್ಯಾಸ ಇಲ್ಲಿಗೆ ತಕ್ಕದ್ದು. ಅಂಕಿಯೇ ಇಲ್ಲದ ಗಾಲಿಯಾದರೆ ಉಗುರಿನಿಂದ ಬಲವಾಗಿ ಒತ್ತಿ ನೋಡಿರಿ. ಒಂದಿಷ್ಟೂ ಮಣಿಯದೆ, ಬೆರಳಿನಿಂದ ತಟ್ಟಿದಾಗ ಪ್ಲಾಸ್ಟಿಕ್ ಡಬ್ಬಿಯಂತೆ ಟಕಟಕನೆ ಸದ್ದು ಮಾಡಿದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ತೂಗುಹಾಕಿರುವ ಹಲಗೆಗಳು ಬಹುಮಟ್ಟಿಗೆ ಈ ಜಾತಿಯವು.

ಗಾಲಿಯೊಳಗಿನ ಬೇರಿಂಗಿನ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. ಲೋಕದಲ್ಲೆಲ್ಲ ಇದಕ್ಕೆ ಬಳಸುವುದು 608 ಎಂಬ ಒಂದೇ ಅಳತೆ: ಒಳರಂಧ್ರ 8 ಮಿಲಿಮೀಟರ್, ಹೊರವ್ಯಾಸ 22, ದಪ್ಪ 7. ಪೊಟ್ಟಣದ ಮೇಲೆ ಎಬೆಕ್ 5, 7, 9 ಎಂದು ಬರೆದು ಬೆಲೆ ಏರಿಸುತ್ತಾರೆ. ಆ ಅಂಕಿ ಬೇರಿಂಗಿನ ಅಳತೆಗಳು ಎಷ್ಟು ಕರಾರುವಾಕ್ಕಾಗಿವೆ ಎಂಬುದನ್ನು ಹೇಳುತ್ತದೆಯೇ ಹೊರತು ಮಗು ಎಷ್ಟು ದೂರ ಉರುಳುವುದೆಂಬುದನ್ನಲ್ಲ. ನಮ್ಮ ಕೆಂಪು ಧೂಳು ಒಂದು ವಾರದಲ್ಲಿ ಎಲ್ಲ ಅಂಕಿಗಳನ್ನೂ ಸಮಮಾಡುತ್ತದೆ. ಎರಡು ಬದಿಗೂ ಮುಚ್ಚಳವಿರುವ ಸಾಧಾರಣ ಬೇರಿಂಗು ಸಾಕು.

ಅಡಿಯಲ್ಲಿ ಅಚ್ಚನ್ನು ಹಿಡಿದಿರುವ ಲೋಹದ ಭಾಗಕ್ಕೆ ಟ್ರಕ್ಕು ಎಂದು ಹೆಸರು. ಹೆದ್ದಾರಿಯ ಟ್ರಕ್ಕಿಗೂ ಇದಕ್ಕೂ ನಾಮಸಾಮ್ಯದ ಹೊರತು ಸಂಬಂಧವಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಅದನ್ನು ಅಂಗಡಿಯವರು ಹೇಳುವುದು ಅಪರೂಪ. ಟ್ರಕ್ಕಿನ ನಡುವೆ ರಬ್ಬರಿನಂಥ ಎರಡು ಬುಶ್ಶುಗಳಿರುತ್ತವೆ. ಸವಾರನು ಒಂದು ಬದಿಗೆ ವಾಲಿದಾಗ ಅವು ಅಮುಕಲ್ಪಟ್ಟು, ಅಚ್ಚು ಓರೆಯಾಗಿ, ಹಲಗೆ ತಿರುಗುತ್ತದೆ. ಬುಶ್ಶನ್ನು ಅಮುಕುವುದು ಸವಾರನ ತೂಕ. ಬಹುತೇಕ ಹಲಗೆಗಳ ಬುಶ್ಶುಗಳು ದೊಡ್ಡವರ ತೂಕಕ್ಕೆ ಹೊಂದಿಸಿದಂಥವು. ಅರವತ್ತು ಕಿಲೋಗ್ರಾಮಿನ ತರುಣನು ಎಷ್ಟು ವಾಲಿದರೆ ಹಲಗೆ ತಿರುಗುವುದೋ, ಅಷ್ಟೇ ವಾಲಿದ ಇಪ್ಪತ್ತು ಕಿಲೋಗ್ರಾಮಿನ ಮಗು ಅದರ ಮೂರನೆಯ ಒಂದು ಪಾಲು ಬಲವನ್ನು ಮಾತ್ರ ಹೂಡುತ್ತದೆ. ಹಲಗೆ ತಿರುಗುವುದಿಲ್ಲ, ಮಗು ಇನ್ನೂ ವಾಲುತ್ತದೆ, ಕೊನೆಗೆ ಬೀಳುತ್ತದೆ. ನೋಡಿದವರು ಮಗುವಿಗೆ ಸಮತೋಲನ ಸಾಲದೆನ್ನುವರು. ನಡುಬೋಲ್ಟಿನ ನಟ್ಟನ್ನು ಪಾನಾದಿಂದ ಒಂದೆರಡು ಸುತ್ತು ಸಡಿಲಿಸಿ, ಬೋಲ್ಟಿನ ತುದಿ ನಟ್ಟಿನ ಹೊರಗೆ ಕಾಣುವಂತೆ ಉಳಿಸಿ, ಮಗುವನ್ನು ನಿಲ್ಲಿಸಿ ನೋಡಿರಿ. ಸಾಲದಿದ್ದರೆ ಮೆತ್ತನೆಯ ಬುಶ್ಶು ಕೊಳ್ಳಬೇಕು. ಅದು ಅಗ್ಗದ ವಸ್ತು. ಟ್ರಕ್ಕು ಪ್ಲಾಸ್ಟಿಕ್ಕಿನದಾಗಿರಬಾರದು.

ಹಲಗೆಯು ಏಳು ತೆಳುಪದರಗಳ ಮೇಪಲ್ ಮರದ್ದಾಗಿದ್ದರೆ ಉತ್ತಮ. ಕೆಲವು ಪದರಗಳ ಎಳೆಯನ್ನು ಅಡ್ಡಲಾಗಿಟ್ಟು ಅಂಟಿಸುವುದರಿಂದ ಅದು ಸೀಳುವುದಿಲ್ಲ. ಆರೇಳು ವರ್ಷದವರಿಗೆ 7ರಿಂದ 7.5 ಅಂಗುಲ ಅಗಲ, ಹೈಸ್ಕೂಲಿನವರಿಗೆ 7.75ರಿಂದ 8.25 ಅಂಗುಲ. ‘ಬೆಳೆಯುವ ಮಗು, ಒಂದಳತೆ ದೊಡ್ಡದೇ ಇರಲಿ’ ಎಂಬ ಅಂಗಿ ಹೊಲಿಸುವ ನ್ಯಾಯವನ್ನು ಇಲ್ಲಿಗೆ ತರಬಾರದು. ಮೇಲ್ಮೈಗೆ ಉಪ್ಪುಕಾಗದದಂಥ ಒರಟು ಹೊದಿಕೆ ಇರಲೇಬೇಕು.

ಇನ್ನು ಬೀಳುವ ಮಾತು. ಬೀಳುವುದು ಈ ಆಟದಲ್ಲಿ ಅಪಘಾತವಲ್ಲ, ಪಾಠದ ಭಾಗ. ಬೇರಿಂಗ್ ಗಾಡಿಯಲ್ಲಿ ಮಗು ಕುಳಿತಿರುತ್ತದೆ. ತಲೆಯು ನೆಲದಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಗಾಲಿಹಲಗೆಯ ಮೇಲೆ ನಿಂತ ಆರು ವರ್ಷದ ಮಗುವಿನ ತಲೆ ಸುಮಾರು 120 ಸೆಂಟಿಮೀಟರ್ ಎತ್ತರದಲ್ಲಿ. ಅಷ್ಟೆತ್ತರದಿಂದ ನೇರವಾಗಿ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 4.85 ಮೀಟರ್, ಎಂದರೆ ಗಂಟೆಗೆ ಸುಮಾರು 17 ಕಿಲೋಮೀಟರ್. ಹಲಗೆ ನಿಂತಲ್ಲಿಯೇ ನಿಂತಿದ್ದರೂ ಈ ವೇಗ ಉಂಟು. ‘ಮೆಲ್ಲಗೆ ಆಡುತ್ತಾನೆ, ಹೆಲ್ಮೆಟ್ಟು ಯಾಕೆ?’ ಎನ್ನುವ ಹಿರಿಯರು ಇದನ್ನು ಗಮನಿಸುವುದಿಲ್ಲ.

ಆ ವೇಗವು ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದರ ಮೇಲೆ ಪೆಟ್ಟಿನ ತೀವ್ರತೆ ನಿಂತಿದೆ. ಲೆಕ್ಕ ಬಲು ಸುಲಭ: ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ, ವೇಗ ಕುಗ್ಗುವ ಸರಾಸರಿ ದರವು ಗುರುತ್ವದ ವೇಗೋತ್ಕರ್ಷದ ಎಷ್ಟು ಪಟ್ಟೆಂಬುದು ದೊರೆಯುತ್ತದೆ. ಬರಿಯ ತಲೆ ಕಾಂಕ್ರೀಟಿಗೆ ತಾಗಿ ಎರಡು ಮಿಲಿಮೀಟರಿನಲ್ಲಿ ನಿಂತರೆ 1200 ಭಾಗಿಸು 2, ಎಂದರೆ 600 ಪಟ್ಟು. ಹೆಲ್ಮೆಟ್ಟಿನ ಒಳಗಿನ ಬಿಳಿಯ ಥರ್ಮೊಕೋಲಿನಂಥ ಪದರವು ಜಜ್ಜಿಹೋಗಿ ಎರಡು ಸೆಂಟಿಮೀಟರ್ ದೂರವನ್ನು ಕೊಟ್ಟರೆ 60 ಪಟ್ಟು. ಮೆದುಳಿನ ಮಟ್ಟಿಗೆ ಈ ಎರಡು ಅಂಕಿಗಳ ಅಂತರವು ಅತ್ಯಂತ ದೊಡ್ಡದು. ಹೊರಚಿಪ್ಪು ಗಟ್ಟಿಯಾಗಿದ್ದು ಒಳಗೆ ಬರಿಯ ಬಟ್ಟೆಯ ಮೆತ್ತೆ ಇರುವ ಆಟಿಕೆ ಹೆಲ್ಮೆಟ್ಟು ಏಕೆ ನಿರುಪಯೋಗಿಯೆಂಬುದೂ, ಒಮ್ಮೆ ಪದರ ಜಜ್ಜಿಹೋದ ಹೆಲ್ಮೆಟ್ಟನ್ನು ಏಕೆ ಎಸೆಯಬೇಕೆಂಬುದೂ ಇದರಿಂದಲೇ ತಿಳಿಯುತ್ತದೆ.

ತಂದೆಯ ಮೋಟರ್ ಸೈಕಲ್ ಹೆಲ್ಮೆಟ್ಟು ಮನೆಯಲ್ಲಿದೆಯಲ್ಲ ಎನ್ನಬಹುದು. ಅದು ಭಾರ, ಮಗುವಿನ ತಲೆಗೆ ಸಡಿಲ. ಬಿದ್ದಾಗ ಜಾರಿ ಕಣ್ಣಿನ ಮೇಲೋ ಹಿಂದಕ್ಕೋ ಸರಿಯುತ್ತದೆ. ಸೈಕಲ್ ಮತ್ತು ಸ್ಕೇಟಿಂಗಿಗೆ ಒಪ್ಪುವ ಐರೋಪ್ಯ ಮಾನಕ ಇಎನ್ 1078 ಎಂಬ ಗುರುತು ಒಳಗಿನ ಚೀಟಿಯಲ್ಲಿದೆಯೇ ನೋಡಿರಿ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಅದು ಕೂರಬೇಕು; ಪಟ್ಟಿ ಬಿಗಿದ ಮೇಲೆ ತಲೆಯಾಡಿಸಿದರೆ ಹೆಲ್ಮೆಟ್ಟು ತಲೆಯೊಡನೆ ಆಡಬೇಕು, ತಲೆಯ ಸುತ್ತ ಅಲ್ಲ.

ಬೀಳುವವನು ಕೈ ಮುಂದೆ ಚಾಚುವುದು ಸ್ವಭಾವ. ಆಗ ಮೈಯ ಭಾರವೆಲ್ಲ ಮಣಿಕಟ್ಟಿಗೆ ಬರುತ್ತದೆ. ಮಕ್ಕಳ ಮೂಳೆಯ ತುದಿಯ ಬಳಿ ಬೆಳವಣಿಗೆಯ ಮೃದ್ವಸ್ಥಿಯ ಪಟ್ಟಿಯಿರುತ್ತದೆ. ಅದಕ್ಕೆ ಪೆಟ್ಟಾದರೆ ಆ ಮೂಳೆಯ ಬೆಳವಣಿಗೆಗೇ ಕುಂದು ಬರುವ ಸಂಭವವಿದೆ. ಅಂಗೈಯ ಕಡೆ ಗಟ್ಟಿ ತಗಡಿನಂಥ ಪಟ್ಟಿಯಿರುವ ಮಣಿಕಟ್ಟಿನ ಕಾಪು ನೆಲದ ಮೇಲೆ ಜಾರಿ, ಕೈ ಹಿಂದಕ್ಕೆ ಮಡಿಯದಂತೆ ತಡೆಯುತ್ತದೆ. ಮೊಣಕಾಲು, ಮೊಣಕೈಗಳ ಪ್ಯಾಡುಗಳು ಅನಂತರದವು. ಕಾಲಿಗೆ ಚಪ್ಪಟೆ ರಬ್ಬರ್ ಅಟ್ಟೆಯ ಬೂಟು. ಚಪ್ಪಲಿ ಸರ್ವಥಾ ಕೂಡದು. ಕೈಯಲ್ಲಿರುವ ಹಣ ಸಾಲದಿದ್ದರೆ ಮೊದಲು ಹೆಲ್ಮೆಟ್ಟು, ಆಮೇಲೆ ಮಣಿಕಟ್ಟಿನ ಕಾಪು, ಆಮೇಲೆ ಒಳ್ಳೆಯ ಗಾಲಿ. ಹಲಗೆ ಮಾತ್ರ ಬೇರೊಬ್ಬರು ಬಳಸಿದ್ದಾದರೂ ಬಾಧಕವಿಲ್ಲ, ಬಿರುಕಿಲ್ಲದಿದ್ದರೆ ಆಯಿತು.

ಐದು ವರ್ಷದೊಳಗಿನವರು ಗಾಲಿಹಲಗೆಯನ್ನು ಏರಲೇಬಾರದು, ಹತ್ತು ವರ್ಷದವರೆಗೆ ದೊಡ್ಡವರು ಬಳಿಯಲ್ಲಿರಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ನಮ್ಮ ಎರಡು ಊರುಗಳಲ್ಲಿ ಇದಕ್ಕೆ ಒಪ್ಪುವ ಜಾಗವೆಂದರೆ ಶಾಲೆಯ ಕಾಂಕ್ರೀಟ್ ಅಂಗಳ. ಮೇಷ್ಟ್ರ ಅಪ್ಪಣೆ ಪಡೆದು ಭಾನುವಾರ ಬೆಳಗ್ಗೆ ಬಳಸಬಹುದು. ಲಾರಿಗಳು ಓಡಾಡುವ ರಸ್ತೆಯೂ, ಅದಕ್ಕೆ ಕೂಡುವ ಇಳಿಜಾರಿನ ಓಣಿಯೂ ಬೇಡ: ಗಾಲಿಹಲಗೆಗೆ ಬ್ರೇಕಿಲ್ಲ. ಮೊದಲ ಎರಡು ಮೂರು ದಿನ ಹಲಗೆಯನ್ನು ಹುಲ್ಲಿನ ಮೇಲೋ ದಪ್ಪ ಜಮಖಾನೆಯ ಮೇಲೋ ಇಟ್ಟು, ಗಾಲಿ ಉರುಳದಂತೆ ನೋಡಿಕೊಂಡು, ಹತ್ತಿ ಇಳಿಯುವುದನ್ನಷ್ಟೇ ಕಲಿಸಿರಿ. ಆಟ ಮುಗಿದ ಮೇಲೆ ಬೇರಿಂಗಿನ ಧೂಳನ್ನು ಒಣಬಟ್ಟೆಯಿಂದ ಒರೆಸಿ, ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಒಂದು ತೊಟ್ಟು ಬಿಡಬೇಕು. ಹೆಚ್ಚಾದರೆ ಮುರುಮಿನ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ.