ಫಾರೆಸ್ಟ್‌ಹಿಲ್‌ವರೆಗೆ ತಾಳಿಕೋ

ಪುಟ್ಟೀ, ಕ್ಯಾಲಿಫೋರ್ನಿಯಾದ 100 ಮೈಲಿಯ ವೆಸ್ಟರ್ನ್ ಸ್ಟೇಟ್ಸ್ ಓಟದ ಲಾಟರಿಯಲ್ಲಿ ನಿನ್ನ ಹೆಸರು ಬಂತೆಂದು ಕೇಳಿ ತುಂಬ ಖುಷಿಯಾಯಿತು. ಆ ಜಾಗಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಾಕಿ ಕಾಯುವವರಿದ್ದಾರೆ. ಶೂ, ಬ್ಯಾಗು, ಜೆಲ್ಲುಗಳ ಬಗ್ಗೆ ಫ್ರೀಮಾಂಟಿನ ನಿನ್ನ ಗೆಳೆಯರು ಸಾಕಷ್ಟು ಹೇಳಿರುತ್ತಾರೆ, ಅದು ನನಗೆ ಬೇಡ. ಆ ಹಾದಿಯ ಕಣಿವೆಗಳಲ್ಲಿ ಜೂನ್ ಕೊನೆಯ ಬಿಸಿಲನ್ನು ಕಂಡವನಾಗಿ ನಿನ್ನ ದೊಡ್ಡಪ್ಪ ಹೇಳುವುದು ಒಂದೇ: ಮಧ್ಯಾಹ್ನದ ಬಿಸಿಲಿಗೆ ಉತ್ತರ ಬೆಳಗ್ಗೆಯೇ ಕೊಟ್ಟಿರಬೇಕು.

ಶನಿವಾರ ಬೆಳಗಿನ 5 ಗಂಟೆಗೆ ಒಲಿಂಪಿಕ್ ವ್ಯಾಲಿಯಿಂದ ಹೊರಡುವಾಗ ಗಾಳಿ ತಣ್ಣಗಿರುತ್ತದೆ. ಮೊದಲ 7 ಕಿ.ಮೀ.ನಲ್ಲೇ ಸುಮಾರು 2,500 ಅಡಿ ಏರು. ಜನ ಅಲ್ಲಿಯೇ ಓಡುತ್ತಾರೆ. ಕಾಲು ಹಗುರವಾಗಿರುತ್ತದೆ, ಸುತ್ತ ಚಪ್ಪಾಳೆ, ಉತ್ಸಾಹ. ನೀನು ನಡೆ. ಹಿಂದಿನವರು ಮುಂದೆ ಹೋಗಲಿ ಬಿಡು. ಒಟ್ಟು 161 ಕಿ.ಮೀ. ಹಾದಿಯಲ್ಲಿ ಏರು 18,000 ಅಡಿ, ಇಳಿತ 23,000 ಅಡಿ. ಇಳಿಯುವುದೇ ಹೆಚ್ಚೆಂದು ಹಿಗ್ಗಬೇಡ, ತೊಡೆಯ ಸ್ನಾಯು ಹರಿದು ಹಣ್ಣಾಗುವುದು ಇಳಿಜಾರಿನಲ್ಲೇ. ಬೆಳಗ್ಗೆ ಧುಮುಕಿ ಇಳಿದವರು ಸಂಜೆ ಮೆಟ್ಟಿಲಿಳಿಯಲೂ ಕೈ ಹಿಡಿಸಿಕೊಳ್ಳುತ್ತಾರೆ.

ಈ ಹಾದಿ ಮೊದಲು ಕುದುರೆಗಳದು. ಒಂದೇ ದಿನದಲ್ಲಿ 100 ಮೈಲಿ ಮುಗಿಸುವ ಟೆವಿಸ್ ಕಪ್ ಸವಾರಿ 1955ರಿಂದ ನಡೆದು ಬಂದಿದೆ. 1974ರಲ್ಲಿ ಗಾರ್ಡಿ ಏನ್ಸ್‌ಲೀ ಎಂಬಾತ ಕುದುರೆಯಿಲ್ಲದೆ ಅವುಗಳ ಜೊತೆಗೇ ಓಡಿ, 23 ಗಂಟೆ 42 ನಿಮಿಷದಲ್ಲಿ ಹಾದಿಯ ಕೊನೆಯ ಊರಾದ ಆಬರ್ನ್ ಮುಟ್ಟಿದ. ಓಟ ಹುಟ್ಟಿದ್ದು ಹಾಗೆ. ಆ ಸವಾರಿಯ ಒಂದು ಪದ್ಧತಿ ನನಗೆ ಬಹಳ ಇಷ್ಟ. ನಡುನಡುವೆ ಪಶುವೈದ್ಯರು ಕುದುರೆಯನ್ನು ನಿಲ್ಲಿಸಿ ಪರೀಕ್ಷಿಸುತ್ತಾರೆ, ನಾಡಿ ಇಳಿಯದೆ ಮುಂದೆ ಬಿಡುವುದಿಲ್ಲ. ನಿನ್ನ ನಾಡಿಯನ್ನು ಹಾಗೆ ಯಾರೂ ಹಿಡಿದು ನಿಲ್ಲಿಸುವುದಿಲ್ಲ, ಪುಟ್ಟೀ. ಆ ಕೆಲಸ ನಿನ್ನದೇ. ಏರಿನಲ್ಲಿ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ಆಗಲೇ ಜೋರಾಯಿತೆಂದು ತಿಳಿ.

ಮಂಗಳೂರಿನ ಸೆಕೆಯಲ್ಲಿ ಬೆಳೆದವಳಿಗೆ ಬಿಸಿಲೇನು ಮಹಾ ಎಂದು ನಿನ್ನಪ್ಪ ಹೆಮ್ಮೆಪಡುತ್ತಿದ್ದ. ಅದು ಬೇರೆ, ಇದು ಬೇರೆ. ಅಲ್ಲಿ ಬೆವರು ಧಾರೆಯಾಗಿ ಸುರಿದು ಬಟ್ಟೆಗಂಟುತ್ತದೆ. ಇಲ್ಲಿನದು ರಾಯಚೂರು, ಬಳ್ಳಾರಿ ಕಡೆಯ ಒಣ ಬಿಸಿಲು. ಬೆವರು ಬಂದದ್ದೇ ಆರಿಹೋಗುತ್ತದೆ, ಟೋಪಿಯಂಚಿನ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಎಷ್ಟು ಹೋಯಿತೆಂದು ಗೊತ್ತಾಗುವುದು. ಮೇಲಾಗಿ, ಸೆಕೆಗೆ ಒಗ್ಗಿದ ಮೈ ಕೆಲವೇ ವಾರಗಳಲ್ಲಿ ಅದನ್ನು ಮರೆತುಬಿಡುತ್ತದೆ. ಬಾಲ್ಯದ ಬೆವರು ಈಗ ಲೆಕ್ಕಕ್ಕಿಲ್ಲ. ಓಟಕ್ಕೆ ಮುಂಚಿನ ಎರಡು ಮೂರು ವಾರ, ಮಾಮೂಲಿ ಓಟ ಮುಗಿಸಿ 20–30 ನಿಮಿಷ ಸೌನಾದಲ್ಲಿ ಕೂರು. ಮೊದಲ ದಿನಗಳಲ್ಲಿ 10 ನಿಮಿಷ ಸಾಕು, ಒಬ್ಬಳೇ ಕೂರಬೇಡ, ತಲೆ ತಿರುಗಿದರೆ ಎದ್ದು ಬಾ. 10–14 ದಿನಗಳಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ.

ಇನ್ನು ಕಣಿವೆ. ಲಾಸ್ಟ್ ಚಾನ್ಸ್ ಎಂಬ ತಾಣ ದಾಟಿದ ಮೇಲೆ ಹಾದಿ ತೂಗುಸೇತುವೆಯವರೆಗೆ ಇಳಿದು, ಅಲ್ಲಿಂದ ಡೆವಿಲ್ಸ್ ಥಂಬ್‌ಗೆ ಸುಮಾರು 1,500 ಅಡಿ ಏರುತ್ತದೆ, ಅದೂ 3 ಕಿ.ಮೀ. ಒಳಗೆ. ಹೆಚ್ಚಿನವರು ಅಲ್ಲಿರುವುದು ಮಧ್ಯಾಹ್ನದ ನಂತರದ ಬಿಸಿಲಿನಲ್ಲಿ. ಬಿಸಿ ವರ್ಷಗಳಲ್ಲಿ ಉಷ್ಣಾಂಶ 38 ಡಿಗ್ರಿ ದಾಟುತ್ತದೆ, ಗಾಳಿ ಆಡುವುದಿಲ್ಲ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರೀ ಶಾಖವಾಗಿ ಹೋಗುತ್ತದೆ. ಅದನ್ನು ಹೊರಹಾಕಲು ರಕ್ತ ಚರ್ಮದತ್ತ ಹರಿಯುತ್ತದೆ, ಹೊಟ್ಟೆಗೆ ಸಾಲದಾಗುತ್ತದೆ. ಹೊಟ್ಟೆ ತೊಳಸುವುದು, ವಾಂತಿಯಾಗುವುದು ಅದಕ್ಕೇ. ಆಗ ತಿಂಡಿ ತುರುಕಿದರೆ ಪ್ರಯೋಜನವಿಲ್ಲ. ಮೊದಲು ಮೈ ತಣಿಸು. ನೆರಳಲ್ಲಿ ಕೂತು ಉಸಿರು ಇಳಿಸಿಕೋ, ಆಮೇಲೆ ಒಂದು ಗುಟುಕು, ಉಪ್ಪಿನಲ್ಲಿ ಅದ್ದಿದ ಬೇಯಿಸಿದ ಆಲೂಗಡ್ಡೆ ಒಂದು ಚೂರು. ಹಳ್ಳ ಸಿಕ್ಕಿದರೆ ಬಗ್ಗಿ ತಲೆ, ತೋಳು, ಬಟ್ಟೆ ಎಲ್ಲ ನೆನೆಸು. ಐಸ್ ಸಿಕ್ಕ ಕಡೆಯಲ್ಲೆಲ್ಲ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ ಕಟ್ಟು, ಗಂಟು ಮುಂದಕ್ಕೆ, ಐಸ್ ಹಿಂದಕ್ಕೆ. ಎರಡು ಹಿಡಿ ಟೋಪಿಯೊಳಗೂ ಹಾಕು. ಹತ್ತು ನಿಮಿಷ ಹೋಯಿತೆಂದು ಚಡಪಡಿಸಬೇಡ.

ನೀರಿನ ವಿಷಯದಲ್ಲಿ ನಮ್ಮ ಮನೆಯವರೆಲ್ಲ ತಪ್ಪು ಹೇಳುತ್ತಾರೆ, ಕುಡಿ ಕುಡಿ ಎಂದು. ಬಾಯಾರಿಕೆ ಕೇಳಿದಷ್ಟು ಕುಡಿ. ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಮೆದುಳು ಊದಿಕೊಳ್ಳಬಹುದು, ಪ್ರಾಣಕ್ಕೇ ಅಪಾಯ. ಬೆರಳ ಉಂಗುರ, ಕೈಗಡಿಯಾರದ ಪಟ್ಟಿ ಬಿಗಿಯಾಗುತ್ತಾ ತಲೆನೋವು ಬಂದರೆ ಕುಡಿಯುವುದನ್ನು ನಿಲ್ಲಿಸಿ ವೈದ್ಯರಿಗೆ ಹೇಳು. ಐಬುಪ್ರೊಫೆನ್ ಗುಳಿಗೆಯನ್ನಂತೂ ಜೇಬಿಗೇ ಹಾಕಬೇಡ, ನೀರು ಬತ್ತಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ.

ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ನೀನು ಅಸಂಬದ್ಧ ಮಾತಾಡಿದರೆ ಓಟ ಅಲ್ಲಿಗೆ ಮುಗಿಯಿತು. ಅದು ನಿನಗೆ ತಿಳಿಯುವುದಿಲ್ಲ, ಜೊತೆಯವರಿಗೆ ತಿಳಿಯುತ್ತದೆ. ಮೊದಲು ತಣ್ಣೀರಲ್ಲಿ ಮುಳುಗಿಸಿ, ಆಮೇಲೆ ಆಂಬುಲೆನ್ಸಿಗೆ ಹತ್ತಿಸಿ ಎಂದು ಅವರಿಗೆ ಈಗಲೇ ಹೇಳಿಡು. 2006ರಲ್ಲಿ ಬ್ರಯನ್ ಮಾರಿಸನ್ ಎಲ್ಲರಿಗಿಂತ ಮೊದಲು ಆಬರ್ನಿನ ಶಾಲಾ ಮೈದಾನಕ್ಕೆ ಬಂದ. ಮುಕ್ತಾಯದ ಗೆರೆ ಇನ್ನೇನು ಮುನ್ನೂರು ಗಜ ಇರುವಾಗ ಕುಸಿದ. ಜೊತೆಯವರು ಎತ್ತಿ ನಡೆಸಿದ್ದಕ್ಕೆ ಅನರ್ಹನಾದ. ಆತ ಮತ್ತೆ ಬಂದು 2016ರಲ್ಲಿ ಓಟ ಮುಗಿಸಿದ. ನಿನಗೂ ಮತ್ತೊಂದು ಜೂನ್ ಇದ್ದೇ ಇದೆ.

24 ಗಂಟೆಯೊಳಗೆ ಮುಟ್ಟಿದವರಿಗೆ ಕೊಡುವ ಬೆಳ್ಳಿಯ ಬಕಲ್ ಆಸೆ ನಿನಗಿದೆ, ಗೊತ್ತು. 62ನೇ ಮೈಲಿಯ ಫಾರೆಸ್ಟ್‌ಹಿಲ್‌ವರೆಗೆ ಅದರ ಯೋಚನೆಯೇ ಬೇಡ. ಅಲ್ಲಿಂದ ಅಮೆರಿಕನ್ ನದಿಯವರೆಗೆ 26 ಕಿ.ಮೀ., ಹೆಚ್ಚಾಗಿ ಇಳಿಜಾರು, ಬಿಸಿಲು ಇಳಿಯುತ್ತಿರುತ್ತದೆ. ತೊಡೆ, ಹೊಟ್ಟೆ ಎರಡನ್ನೂ ಉಳಿಸಿಕೊಂಡು ಬಂದವರು ಅಲ್ಲಿ ಓಡುತ್ತಾರೆ, ಬೆಳಗ್ಗೆ ಹಿಂದಿಕ್ಕಿ ಹೋದವರನ್ನು ಒಬ್ಬೊಬ್ಬರಾಗಿ ದಾಟುತ್ತಾರೆ. ಬೆಳ್ಳಿ ಕೈತಪ್ಪಿದರೂ ಭಾನುವಾರ ಬೆಳಿಗ್ಗೆ 11ರವರೆಗೆ, ಪೂರ್ತಿ 30 ಗಂಟೆ ನಿನ್ನದು. 2015ರಲ್ಲಿ ಗುನ್‌ಹಿಲ್ಡ್ ಸ್ವಾನ್ಸನ್ ಎಂಬ 70 ವರ್ಷದ ಹೆಂಗಸು ಗಡುವಿಗೆ 6 ಸೆಕೆಂಡ್ ಇರುವಾಗ ಗೆರೆ ದಾಟಿದರು. ಇಡೀ ಮೈದಾನ ಎದ್ದು ಕೂಗಿತು.

ಓಟ ಮುಗಿದ ಮೇಲೆ ಎರಡು ದಿನ ಮೂತ್ರದ ಬಣ್ಣ ನೋಡಿಕೋ. ಕೋಲಾದಂತೆ ಕಪ್ಪಾಗಿದ್ದರೆ, ಅಥವಾ ಮೂತ್ರವೇ ಬಾರದಿದ್ದರೆ, ನಿದ್ದೆ ಮಾಡಿದರೆ ಸರಿಹೋದೀತೆಂದು ಕಾಯಬೇಡ. ನೇರ ಆಸ್ಪತ್ರೆಗೆ ಹೋಗು, 100 ಮೈಲಿ ಓಡಿ ಬಂದಿದ್ದೇನೆಂದು ಮೊದಲು ಹೇಳು. ಆಮೇಲೆ ನನಗೆ ಫೋನ್ ಮಾಡು, ಯಾವ ಹೊತ್ತಾದರೂ ಬರುತ್ತೇನೆ.